ಓಸ್ನೆಯ ಪಾದಕ್ಕೆ ಹಿಡಿಸಿದ ಉಣ್ಣೆ

ನನ್ನಕ್ಕ ಓಸ್ನೆ ಸ್ಕೀ ಹಲಗೆಗಳ ಮೇಲೆ ನಿಂತಳೆಂದರೆ ಹಿಂದೆ ತಿರುಗಿ ನೋಡುವವಳಲ್ಲ. ಮುಂದೆ ಅವಳು, ಅವಳ ಹಿಂದೆ ಗಂಡ ಸ್ವೇನುಂಗ್, ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ನಾನು. ಪ್ರತಿ ಈಸ್ಟರ್ ರಜೆಯಲ್ಲೂ ನಾವು ಮೂವರು ಹೀಗೇ ಸಾಲಾಗಿ ತೆಲೆಮಾರ್ಕಿನ ನಮ್ಮ ಕಣಿವೆಯಿಂದ ಮೇಲೇರಿ, ಬೆಟ್ಟದ ಮೇಲಿನ ವಿಡ್ಡಾ ಬಯಲಿನ ಅಂಚಿನಲ್ಲಿರುವ ನಮ್ಮ ಮರದ ಮನೆಗೆ ಹೋಗುತ್ತಿದ್ದೆವು. ಹೊಸ ಹಿಮದಲ್ಲಿ ದಾರಿ ಕೊರೆಯುವುದು ಯಾವಾಗಲೂ ಅವಳೇ. ಬಹಳ ಕಾಲ ಊರಿನ ಶಾಲಾ ಬಸ್ಸು ಓಡಿಸಿದವಳು. ಮಂಜು ಕವಿದ ತಿರುವುಗಳಲ್ಲಿ ಮಕ್ಕಳನ್ನು ಹೊತ್ತು ಓಡಾಡಿದ ಆ ಧೈರ್ಯ ಸ್ಕೀ ಮೇಲೂ ಹಾಗೇ ಇತ್ತು. ಸ್ವೇನುಂಗನಿಗೆ ಮಾತು ಕಡಿಮೆ. ಮದುವೆಯಾದ ಮೇಲೆ ಬೆಟ್ಟದ ಬಗ್ಗೆ ನಿನಗೇನು ನೆನಪಿದೆ ಅಂತ ಯಾರೋ ಕೇಳಿದ್ದಕ್ಕೆ, "ಓಸ್ನೆಯ ಬೆನ್ನು" ಅಂದಿದ್ದ.

ಅವಳಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಅದನ್ನು ಅವಳು ಮನೆಗೆ ಬಂದು ಹೋಗುವ ಬೇಡದ ನೆಂಟನ ಹಾಗೆ ನೋಡಿಕೊಂಡಿದ್ದಳು. ಊಟ ಕೊಟ್ಟು, ಮಾತು ಕೊಡದೆ. ಆದರೆ ಒಂದು ಚಳಿಗಾಲದಲ್ಲಿ ಎಡ ಹಿಮ್ಮಡಿಯ ಮೇಲೆ ಒಂದು ಬೊಬ್ಬೆ ಎದ್ದಿತ್ತು. ಎದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಸಂಜೆ ಕಾಲುಚೀಲ ಬಿಚ್ಚುವಾಗ ಅದು ಚರ್ಮಕ್ಕೆ ಅಂಟಿಕೊಂಡಿತ್ತು. ಗಾಯ ಮಾಯುವಷ್ಟರಲ್ಲಿ ಹಿಮ ಕರಗಿ, ಹುಲ್ಲು ಬೆಳೆದು, ಕೊಯ್ಲೂ ಮುಗಿದಿತ್ತು.

ಶರತ್ಕಾಲದಲ್ಲಿ ಅವಳ ಜೊತೆ ಆರೋಗ್ಯ ಕೇಂದ್ರಕ್ಕೆ ನಾನೂ ಹೋಗಿದ್ದೆ. ನರ್ಸ್ ಯೋರುನ್ ಓಸ್ನೆಯ ಬಸ್ಸಿನಲ್ಲಿ ಶಾಲೆಗೆ ಹೋದ ಹುಡುಗಿ. ಈಗ ಅವಳಿಗೇ ಎರಡು ಮಕ್ಕಳು. ಓಸ್ನೆಯನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿ, ಮೀನಿನ ಗಾಳದ ದಾರದಂಥ ಸಣ್ಣ ಎಳೆಯೊಂದನ್ನು ಅವಳ ಅಂಗಾಲಿಗೆ ಒತ್ತಿದಳು. ಹೆಬ್ಬೆರಳ ಬುಡಕ್ಕೆ, ನಡುವಿಗೆ, ಹಿಮ್ಮಡಿಗೆ. ಒತ್ತಿದಾಗಲೆಲ್ಲ ಎಳೆ ಬಾಗುವುದು ನನಗೆ ಕಾಣುತ್ತಿತ್ತು.

"ಮುಟ್ಟಿದ್ದು ಗೊತ್ತಾದ್ರೆ ಹೇಳು" ಅಂದಳು ಯೋರುನ್.

"ಹೇಳ್ತೀನಿ, ಹೇಳ್ತೀನಿ. ಮೊದಲು ಶುರು ಮಾಡು ಮಾರಾಯ್ತಿ" ಅಂದಳು ಓಸ್ನೆ, ಕಣ್ಣು ಮುಚ್ಚಿಕೊಂಡೇ.

ಯೋರುನ್ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ.

ಆಮೇಲೆ ಯೋರುನ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, ಮೆತ್ತಗೆ ಹೇಳಿದಳು: "ಸ್ಕೀ ಬಿಟ್ಟುಬಿಡು ಅಂತ ನಾನು ಹೇಳಲ್ಲ ಓಸ್ನೆ. ಆದ್ರೆ ಬೂಟಿನೊಳಗೆ ಏನಾಗ್ತಿದೆ ಅಂತ ನಿನ್ನ ಕಾಲು ಇನ್ಮೇಲೆ ನಿನಗೆ ಹೇಳಲ್ಲ. ಒದ್ದೆ ಆಗಬಾರದು, ಉಜ್ಜಬಾರದು, ಬಿಗಿ ಆಗಬಾರದು. ಆಗಾಗ ಬಿಚ್ಚಿ ನೋಡ್ಕೋಬೇಕು. ಇನ್ನೊಂದು ಗಾಯ ಆದ್ರೆ ಅದು ಮಾಯುತ್ತೆ ಅಂತ ನಾನು ಮಾತು ಕೊಡಲಾರೆ."

ಮನೆಗೆ ಬಂದವಳೇ ಓಸ್ನೆ ತನ್ನ ಸ್ಕೀಗಳನ್ನು ಕೊಟ್ಟಿಗೆಯ ಅಟ್ಟಕ್ಕೇರಿಸಿದಳು. ಕೆಳಗಿಳಿದು ಕೈ ಒರೆಸಿಕೊಳ್ಳುತ್ತ, "ಈ ಸಲ ಈಸ್ಟರ್‌ಗೆ ನಾನು ಬರಲ್ಲ. ಬೆಟ್ಟ ಟೀವೀಲೂ ಕಾಣುತ್ತೆ" ಅಂದಳು. ಸ್ವೇನುಂಗ್ ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟ. ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೆ ಒಪ್ಪಿದ ಅಂತ ಅಕ್ಕ ತಿಳಿದುಕೊಂಡಳು. ಅಷ್ಟು ವರ್ಷ ಸಂಸಾರ ಮಾಡಿಯೂ ಅವಳು ಆ ತಪ್ಪು ಮಾಡುತ್ತಲೇ ಇದ್ದಳು.

ಮೊದಲ ಹಿಮ ಗಟ್ಟಿಯಾದ ವಾರ ಸ್ವೇನುಂಗ್ ನನ್ನ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಚೀಲ.

"ಬೆರ್ಗಿತ್, ಕಾಲುಚೀಲದ ಬಗ್ಗೆ ನಿನಗೇನು ಗೊತ್ತು?"

"ಹೆಣೆಯೋದು ಗೊತ್ತು. ನಿನಗೂ ಹೆಣೆದು ಕೊಟ್ಟಿದ್ದೆ. ನೀನು ಹಾಕ್ಕೊಳ್ಳಲಿಲ್ಲ."

"ಹೆಣೆಯೋದಲ್ಲ. ಹಾಕ್ಕೊಂಡ ಮೇಲೆ ಒಳಗೇನಾಗುತ್ತೆ ಅಂತ."

ಇದನ್ನು ಕೇಳಿದವನು ಯಾರು! ಹುಟ್ಟಿದಾಗಿನಿಂದ ಅವನಮ್ಮ ಮನೆಯಲ್ಲೇ ನೂತು ಹೆಣೆದ ಒರಟು ಉಣ್ಣೆಯ ಕಾಲುಚೀಲ ಬಿಟ್ಟು ಬೇರೆ ಹಾಕದವನು. ಆಕೆ ಸತ್ತ ಮೇಲೂ ಅವನ್ನೇ ತೇಪೆ ಹಾಕಿಸಿಕೊಂಡು, ಒಗೆದೊಗೆದು ಹಲಗೆಯಂತಾದರೂ ಬಿಡದವನು. ಅವನು ಆ ಚೀಲವನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆ ಸುರಿದ. ಹತ್ತಿಯವು, ನೈಲಾನಿನವು, ಗಾಜಿನ ಹಾಗೆ ನುಣ್ಣಗಿದ್ದ ರೇಷ್ಮೆಯವು, ಮೆರಿನೊ ಕುರಿಯ ಉಣ್ಣೆಯವು, ಎರಡು ಮೂರು ಬಗೆ ಬೆರೆಸಿದವು.

"ಅವಳಿಗೆ ಹೇಳಬೇಡ" ಅಂದ.

ಅಂದಿನಿಂದ ಅವನ ದಿನಚರಿ ಶುರುವಾಯಿತು. ಮಧ್ಯಾಹ್ನ ಎಡಗಾಲಿಗೆ ಒಂದು ಬಗೆ, ಬಲಗಾಲಿಗೆ ಇನ್ನೊಂದು ಬಗೆ ತೊಟ್ಟು ಹೆಪ್ಪುಗಟ್ಟಿದ ಕೆರೆಯನ್ನು ಸುತ್ತಿ ಬರುವುದು. ಬಂದು ನನ್ನ ಒಲೆಯ ಮುಂದೆ ಬೂಟು ಕಳಚಿ, ಬರಿಗಾಲನ್ನು ಹಳೆಯ ಪೇಪರಿನ ಮೇಲೆ ಊರುವುದು. ಯಾವ ಕಾಲಿನ ಒದ್ದೆ ಗುರುತು ದೊಡ್ಡದು ಎಂದು ನಾವಿಬ್ಬರೂ ಬಗ್ಗಿ ನೋಡುವುದು. ನನ್ನ ಅಡುಗೆಮನೆಯ ವಾಸನೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನೈಲಾನಿನ ಕಾಲುಚೀಲ ಹಾಕಿದ ದಿನ ಹೊರಗೆ ಹೋದ ಬೆಕ್ಕು ಮಾರನೆಯ ದಿನದವರೆಗೆ ಒಳಗೆ ಬರಲಿಲ್ಲ.

"ಹತ್ತಿ ಬೇಡವೇ ಬೇಡ" ಅನ್ನುತ್ತಿದ್ದ. "ಬೆವರು ಕುಡಿದು ಹಾಗೇ ಕೂತುಬಿಡುತ್ತೆ. ನಿಂತ ಕೂಡ್ಲೇ ಮಂಜುಗಡ್ಡೆ. ಒದ್ದೆ ಆದ್ಮೇಲೆ ಮುದ್ದೆ ಆಗಿ ಉಜ್ಜುತ್ತೆ."

"ನೈಲಾನು?"

"ಬೇಗ ಒಣಗುತ್ತೆ. ಆದ್ರೆ ಕಾಲು ಒಳಗೆ ಜಾರುತ್ತೆ. ನಿಂತ್ರೆ ಚಳಿ."

"ನಿಮ್ಮಮ್ಮನ ಉಣ್ಣೆ?"

"ಬೆಚ್ಚಗಿದೆ. ಆದ್ರೆ ಗರಗಸ ಕಣೆ. ಇಷ್ಟು ವರ್ಷ ಹೇಗೆ ಹಾಕ್ಕೊಂಡ್ನೋ."

ಮೆರಿನೊ ಹಾಕಿದ ದಿನ ಅವನ ಮುಖವೇ ಬೇರೆಯಾಗಿತ್ತು. ಬೆವರಿದರೂ ಪಾದ ತಣ್ಣಗಾಗಿರಲಿಲ್ಲ, ಉಣ್ಣೆ ಒದ್ದೆಯನ್ನು ತನ್ನೊಳಗೆ ಎಳೆದುಕೊಂಡು ಚರ್ಮವನ್ನು ಒಣಗಿಸಿಟ್ಟಿತ್ತು. ಚುಚ್ಚುವುದಿಲ್ಲ, ನಾತವಿಲ್ಲ. ಆದರೆ ಕೆಲವೇ ದಿನಗಳಲ್ಲಿ ಹಿಮ್ಮಡಿ ಸವೆದು ಜರಡಿಯಾಯಿತು. ರೇಷ್ಮೆ ಒಳಗೆ, ಉಣ್ಣೆ ಮೇಲೆ ಹಾಕಿ ನೋಡಿದ. ಒಂದರ ಮೇಲೊಂದು ಮಡಿಕೆ ಬಿತ್ತು. ಅವನು ತಲೆ ಕೆಡಿಸಿಕೊಂಡು ಕೂರುತ್ತಿದ್ದ, ಇದರ ಮೇಲೆ ಊರಿನ ಮಾನವೇ ನಿಂತಿದೆಯೋ ಅನ್ನುವ ಹಾಗೆ.

ಗಂಡ ದಿನಾ ಮಧ್ಯಾಹ್ನ ತಂಗಿಯ ಮನೆಗೆ ಹೋಗುವುದು ಎಷ್ಟು ದಿನ ಗುಟ್ಟಾಗಿ ಉಳಿದೀತು? ಒಂದು ದಿನ ಬಾಗಿಲು ತಟ್ಟದೆ ಓಸ್ನೆ ಒಳಗೆ ನುಗ್ಗಿದಳು. ಟೊಪ್ಪಿ ತೆಗೆಯಲಿಲ್ಲ.

"ಬಹಳ ಚೆನ್ನಾಗಿದೆ. ನನ್ನ ಗಂಡ ನನ್ನ ತಂಗಿ ಮನೇಲಿ ಬರಿಗಾಲಲ್ಲಿ ಕೂತಿದ್ದಾನೆ. ಊರಲ್ಲಿ ಮಾತಾಡ್ಕೊಳ್ಳೋಕೆ ಇನ್ನೇನು ಬೇಕು..." ಅನ್ನುತ್ತಿದ್ದವಳ ಮಾತು ಅಲ್ಲೇ ನಿಂತಿತು. ಪೇಪರಿನ ಮೇಲೆ ಇಟ್ಟಿದ್ದ ಅವನ ಕಾಲುಗಳನ್ನು ನೋಡಿದಳು. ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಚರ್ಮ ಸುಲಿದು ಬಂದಿತ್ತು. ಪೇಪರಿನ ಮೇಲೆ ನೀರಿನ ಗುರುತಿನ ಜೊತೆ ರಕ್ತವೂ ಇತ್ತು. ನಾನೂ ಅದನ್ನು ನೋಡಿದ್ದು ಆಗಲೇ.

"ಏನಿದು?"

"ಹತ್ತಿ" ಅಂದ ಸ್ವೇನುಂಗ್. "ಬೇಕು ಅಂತಾನೇ ಎರಡೂ ಕಾಲಿಗೆ ಹಾಕಿ, ಒದ್ದೆ ಮಾಡ್ಕೊಂಡು ಸುತ್ತಿದೆ."

"ಬೇಕು ಅಂತಾನೇ? ಬುದ್ಧಿ ಎಲ್ಲಿ ಇಟ್ಟು ಬಂದಿದ್ದೆ?"

"ಉರಿ ಎಲ್ಲಿ ಶುರುವಾಗುತ್ತೆ, ಎಷ್ಟು ಹೊತ್ತಿಗೆ ಬೊಬ್ಬೆ ಬರುತ್ತೆ ಅಂತ ತಿಳೀಬೇಕಿತ್ತು." ಅವನು ತನ್ನ ಕಾಲನ್ನೇ ನೋಡಿಕೊಂಡು ಹೇಳಿದ. "ನಿನಗೆ ಆ ಉರಿ ಗೊತ್ತಾಗಲ್ಲ ಓಸ್ನೆ. ಯಾರಿಗಾದ್ರೂ ಗೊತ್ತಿರಬೇಕಲ್ಲ. ಎಷ್ಟು ಹೊತ್ತಿಗೊಮ್ಮೆ ನಿಂತು ಬಿಚ್ಚಿ ನೋಡಬೇಕು ಅಂತ ಗೊತ್ತಿದ್ರೆ ನೀನು ಬೆಟ್ಟಕ್ಕೆ ಬರಬಹುದು."

ಅಕ್ಕ ನಿಂತೇ ಇದ್ದಳು. ಟೊಪ್ಪಿ ತೆಗೆದಳು. ಮತ್ತೆ ಹಾಕಿಕೊಂಡಳು. ಕೊನೆಗೆ ನನ್ನ ಕಡೆ ತಿರುಗಿ, "ಬಿಸಿನೀರು ಇದ್ಯಾ? ಬಟ್ಟೆ ಕೊಡು. ಬಿಳೀದು" ಅಂದಳು. ನೆಲದ ಮೇಲೆ ಕೂತು ಅವನ ಪಾದಗಳನ್ನು ತೊಳೆದಳು. ಸುಲಿದ ಚರ್ಮದ ಸುತ್ತ ಮದ್ದು ಹಚ್ಚಿ ಬಟ್ಟೆ ಕಟ್ಟುತ್ತ, "ಮುದುಕ. ದಡ್ಡ ಮುದುಕ. ಹುಟ್ಟು ದಡ್ಡ" ಅನ್ನುತ್ತಲೇ ಇದ್ದಳು. ಕಟ್ಟುವ ಕೈ ಮಾತ್ರ ಮಗುವಿಗೆ ಬಟ್ಟೆ ತೊಡಿಸುವಷ್ಟು ಹಗುರಾಗಿತ್ತು. ಅವಳ ಮೂಗು ಕೆಂಪಾಗಿತ್ತು. ಹೊರಗಿನ ಚಳಿಗೆ ಅಂತ ನಾನು ಅಂದುಕೊಳ್ಳಲಿಲ್ಲ.

ಎದ್ದು ನಿಂತವಳೇ ಕೈ ಚಾಚಿದಳು. "ಆ ಚೀಲ ಇಲ್ಲಿ ಕೊಡು. ಕಾಲು ನಂದು. ಆರಿಸೋದೂ ನಾನೇ."

ಬೆರಳ ತುದಿಗಳೂ ಅವಳಿಗೆ ಸ್ವಲ್ಪ ಮಂಕಾಗಿದ್ದವು. ಹಾಗಾಗಿ ಒಂದೊಂದು ಕಾಲುಚೀಲವನ್ನೂ ಒಳಮೈ ಹೊರಕ್ಕೆ ಮಾಡಿ, ಬೆರಳು ಬರುವ ಕಡೆ ಹೊಲಿಗೆ ಎದ್ದಿದೆಯೇ ಎಂದು ತುಟಿಗೆ ಒತ್ತಿ ನೋಡುತ್ತಿದ್ದಳು. ಕೆನ್ನೆಗೆ ಉಜ್ಜುತ್ತಿದ್ದಳು. "ಇದು ಚುಚ್ಚುತ್ತೆ. ಇದರಲ್ಲಿ ಹಗ್ಗ ಇಟ್ಟು ಹೊಲಿದಿದ್ದಾರೆ. ಇದು ಪರವಾಗಿಲ್ಲ." ಸ್ವೇನುಂಗ್ ತಾನು ಕಂಡದ್ದನ್ನೆಲ್ಲ ಹೇಳಿದ. ಆ ದಿನ ಅವನು ಆಡಿದಷ್ಟು ಮಾತನ್ನು ನಾನು ಅವನ ಮದುವೆಯ ದಿನವೂ ಕೇಳಿರಲಿಲ್ಲ.

ಹಾಗಾದರೆ ನಾನು ಸುಮ್ಮನಿರಲಾದೀತೇ? ಅಕ್ಕನ ಕಾಲು ಬೆಚ್ಚಗಿರಲಿ ಎಂದು ಒಳ್ಳೆಯ ಮೆತ್ತನೆಯ ಉಣ್ಣೆಯನ್ನು ಎರಡೆಳೆ ಸೇರಿಸಿ, ದಪ್ಪಗೆ, ದಿಂಬಿನ ಹಾಗೆ ಹೆಣೆದೆ. ಅದನ್ನು ಹಾಕಿಕೊಂಡು ಅವಳು ಅಟ್ಟದಿಂದ ಸ್ಕೀ ಇಳಿಸಿ ನಮ್ಮ ಜೊತೆ ಕೆರೆ ಸುತ್ತಿದಳು. ಬಂದು ಬಿಚ್ಚಿದರೆ ಅವಳ ಕಾಲ್ಬೆರಳುಗಳು ಮೇಣದ ಬತ್ತಿಯ ಬಣ್ಣಕ್ಕೆ ತಿರುಗಿದ್ದವು. ಸ್ವೇನುಂಗ್ ಎರಡೂ ಅಂಗೈಯಲ್ಲಿ ಹಿಡಿದುಕೊಂಡು, ನಸುಗೆಂಪು ಬರುವ ತನಕ ಬಿಡಲಿಲ್ಲ. ಯೋರುನ್‌ಗೆ ಫೋನ್ ಮಾಡಿದರೆ ಅವಳು ಕೇಳಿದ್ದು ಒಂದೇ: "ಬೂಟಲ್ಲಿ ಬೆರಳು ಆಡಿಸೋಕೆ ಜಾಗ ಇತ್ತಾ?"

ಇರಲಿಲ್ಲ. ದಪ್ಪ ಉಣ್ಣೆ ಬೂಟನ್ನು ತುಂಬಿಬಿಟ್ಟಿತ್ತು, ಬಿಗಿಗೆ ರಕ್ತವೇ ಬೆರಳಿಗಿಳಿದಿರಲಿಲ್ಲ. ನಾನು ಆ ಕಾಲುಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ. ಅಕ್ಕ ಬಂದು ಪಕ್ಕ ಕೂತಳು.

"ಪ್ರೀತಿ ಜಾಸ್ತಿ ಆಯ್ತು ಕಣೆ ಬೆರ್ಗಿತ್. ಬೂಟಲ್ಲಿ ಜಾಗ ಇಲ್ಲ" ಅಂದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಆಮೇಲೆ ಹೆಣೆದದ್ದೇ ಸರಿಯಾದದ್ದು. ತೆಳ್ಳನೆಯ ಮೆರಿನೊ ನೂಲು, ಬೇಗ ಸವೆಯದ ಹಾಗೆ ಅದರಲ್ಲಿ ಚೂರು ನೈಲಾನ್ ಬೆರೆತದ್ದು. ಹಿಮ್ಮಡಿಯಲ್ಲಿ ಮಾತ್ರ ಹೆಣಿಗೆ ಒತ್ತಾಗಿ, ಕಣಕಾಲಿನ ಸುತ್ತ ಸಡಿಲಾಗಿ. ಬೆರಳ ತುದಿಯಲ್ಲಿ ಹೊಲಿಗೆ ಹಾಕದೆ, ಕುಣಿಕೆಗೆ ಕುಣಿಕೆ ಸೇರಿಸಿ ಮುಚ್ಚಿದೆ. ತುಟಿಗೆ ಒತ್ತಿದರೂ ಎಲ್ಲಿ ಮುಗಿದಿದೆ ಅಂತ ತಿಳಿಯಬಾರದು, ಹಾಗೆ. ಬಣ್ಣ ಹಾಕದ ಬಿಳಿಯ ನೂಲೇ ಆಗಬೇಕು ಅಂದವಳು ಯೋರುನ್. ರಕ್ತ ಬಂದರೆ ಕಾಣಬೇಕಲ್ಲ. ಓಸ್ನೆ ಕೆಂಪು ಬೇಕು ಅಂತ ಹಟ ಹಿಡಿದಳು. "ಬಿಳಿ ಹಾಕ್ಕೊಂಡ್ರೆ ಆಸ್ಪತ್ರೆಯಿಂದ ಓಡಿಬಂದ ಹಾಗಿರುತ್ತೆ" ಅಂದಳು. ಕೊನೆಗೆ ಮೇಲಿನ ಅಂಚಿಗೆ, ಬೂಟಿನಿಂದ ಹೊರಗೆ ಕಾಣುವ ಕಡೆ, ಒಂದು ಕೆಂಪು ಪಟ್ಟೆ ಹಾಕಿದ ಮೇಲೆ ಒಪ್ಪಿದಳು. ಚಳಿಗಾಲ ಪೂರ್ತಿ ಅವಳು ಅದನ್ನು ಹಾಕಿಕೊಂಡು ಗಂಡನ ಜೊತೆ ಕೆರೆ ಸುತ್ತಿದಳು. ಪಾದ ಬೆಚ್ಚಗೆ, ಒಣಗಿ, ಒಂದು ಕೆಂಪು ಚುಕ್ಕೆಯೂ ಇಲ್ಲದೆ ಹೊರಬರುತ್ತಿತ್ತು. ಯೋರುನ್ ನೋಡಿ, "ಹೋಗಿ ಬನ್ನಿ. ಆದ್ರೆ ಮರೆಯದೆ ಬಿಚ್ಚಿ ನೋಡ್ತಾ ಇರಿ" ಅಂದಳು.

ಈಸ್ಟರ್ ಬಂತು. ಬಿಸಿಲು ಹಿಮದ ಮೇಲೆ ಕಣ್ಣು ಕೋರೈಸುತ್ತಿತ್ತು. ಸ್ವೇನುಂಗ್ ಸೊಂಟಕ್ಕೆ ಜಾರುಬಂಡಿ ಕಟ್ಟಿಕೊಂಡು ಸಾಮಾನು ಎಳೆದ. ಕಾಫಿ, ಬ್ರೆಡ್ಡು, ಕಂದು ಚೀಸು, ಒಂದು ಚೀಲ ಕಿತ್ತಳೆ. ಆಗಾಗ ನಿಲ್ಲುವುದು, ಹಿಮಸಾರಂಗದ ಚರ್ಮ ಹಾಸಿ ಓಸ್ನೆಯನ್ನು ಕೂರಿಸುವುದು, ಸ್ವೇನುಂಗ್ ಮಂಡಿಯೂರಿ ಅವಳ ಬೂಟು ಬಿಚ್ಚುವುದು. ಅಂಗಾಲು ನೋಡಿ, ಹಿಮ್ಮಡಿ ನೋಡಿ, ಬೆರಳುಗಳ ಸಂದಿಯನ್ನೂ ನೋಡಿ, ಕಾಲುಚೀಲದ ಮಡಿಕೆ ಬಿಡಿಸಿ ಮತ್ತೆ ತೊಡಿಸುತ್ತಿದ್ದ. ಮೊದಮೊದಲು ಅಕ್ಕನಿಗೆ ನಾಚಿಕೆ, ಎಲ್ಲೋ ದೂರ ನೋಡುತ್ತಿದ್ದಳು. ಬೆಟ್ಟ ಇಳಿದು ಬರುತ್ತಿದ್ದ ಒಬ್ಬ ಹೆಂಗಸು ನಿಂತು, "ಕಾಲಿಗೇನಾಯ್ತು? ಸಹಾಯ ಬೇಕಾ?" ಅಂತ ಕೇಳಿದಳು.

"ಏನೂ ಆಗಿಲ್ಲ" ಅಂದಳು ಓಸ್ನೆ. "ನನ್ನ ಗಂಡನಿಗೆ ನನ್ನ ಕಾಲಿನ ಹುಚ್ಚು. ಸ್ವಲ್ಪ ಹೊತ್ತು ನೋಡದಿದ್ರೆ ತಡ್ಕೊಳ್ಳೋಕಾಗಲ್ಲ."

ಸ್ವೇನುಂಗನ ಕಿವಿ ಕೆಂಪಾಯಿತು. ಆ ಹೆಂಗಸು ನಗುತ್ತ ಈಸ್ಟರ್ ಶುಭಾಶಯ ಹೇಳಿ ಹೋದಳು. ಆಮೇಲೆ ನಾಚಿಕೆ ಎಲ್ಲ ಹೋಗಿ, ನಿಂತಲ್ಲೆಲ್ಲ ಓಸ್ನೆ ತಾನೇ ಕಾಲು ಚಾಚಿ, "ಬಾಪ್ಪ ಡಾಕ್ಟರೇ" ಅನ್ನತೊಡಗಿದಳು.

ಮನೆಗೆ ಇನ್ನೊಂದೇ ಏರು ಬಾಕಿ ಇದ್ದಾಗ, ಬೂಟು, ಕಾಲುಚೀಲ ಬಿಚ್ಚಿದ ಸ್ವೇನುಂಗ್ ಅವಳ ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ಹಿಡಿದ. ನಾನು ಬಗ್ಗಿ ನೋಡಿದೆ. ಕಾಲುಚೀಲ ಒಣಗಿತ್ತು, ಬೆಳ್ಳಗಿತ್ತು. ಆದರೆ ಎಡ ಹಿಮ್ಮಡಿಯ ಮೇಲೆ, ಹಳೆಯ ಗಾಯದ ಪಕ್ಕದಲ್ಲಿ, ನಾಣ್ಯದಷ್ಟು ಅಗಲ ಕೆಂಪಾಗಿತ್ತು. ಅವನು ಬೂಟಿನೊಳಗೆ ಕೈ ಹಾಕಿ ತಡಕಿದ. ಒಳಗಿನ ಚರ್ಮದ ಪದರ ಬಿಟ್ಟುಕೊಂಡು ಸುರುಳಿಯಾಗಿತ್ತು.

"ಬೂಟು ನೋಡಲೇ ಇಲ್ಲ ನಾನು" ಅಂದ. "ಚಳಿಗಾಲ ಪೂರ್ತಿ ಕಾಲುಚೀಲ ನೋಡಿದೆ. ಬೂಟು ನೋಡಲಿಲ್ಲ."

ನನಗೆ ಗೊತ್ತಿದ್ದ ಓಸ್ನೆಯಾಗಿದ್ದರೆ "ಇಷ್ಟೇ ದೂರ, ನಡೀರಿ" ಅನ್ನಬೇಕಿತ್ತು. ಅವಳು ಏರಿನ ಕಡೆ ನೋಡಿದಳು. ಅದರಾಚೆಗೇ ನಮ್ಮ ಮನೆ. ಆಮೇಲೆ ಬಗ್ಗಿ ಕೂತಿದ್ದ ಗಂಡನನ್ನು ನೋಡಿದಳು. "ನಾನು ಇದರ ಮೇಲೆ ಇನ್ನೊಂದು ಹೆಜ್ಜೆ ಇಡಲ್ಲ" ಅಂದಳು. "ನೀನು ಅಷ್ಟು ಚರ್ಮ ಸುಲಿಸ್ಕೊಂಡಿದ್ದು ದಂಡ ಆಗಬಾರದು."

ಸ್ವೇನುಂಗ್ ಎದ್ದು ಜಾರುಬಂಡಿಯ ಸಾಮಾನನ್ನೆಲ್ಲ ಹಿಮದ ಮೇಲೆ ಇಳಿಸಿದ. ಬೇಕಾದಷ್ಟನ್ನು ನನ್ನ ಬೆನ್ನಿಗೆ ಹೇರಿ, ಉಳಿದದ್ದನ್ನು ಆಮೇಲೆ ಬಂದು ಒಯ್ಯುತ್ತೇನೆ ಅಂದ. ಬಂಡಿಯ ಮೇಲೆ ಚರ್ಮ ಹಾಸಿದ. "ಹತ್ತು."

"ನಾನೇನು ಸಾಮಾನಾ?"

"ಇಷ್ಟು ವರ್ಷ ನಾನು ನಿನ್ನ ಬೆನ್ನು ನೋಡ್ಕೊಂಡು ಬಂದೆ. ಇವತ್ತೊಂದು ದಿನ ನೀನು ನನ್ನ ಬೆನ್ನು ನೋಡು."

ಅವಳು ಹತ್ತಿದಳು. ಅವನು ತನ್ನ ಸ್ವೆಟರ್ ಬಿಚ್ಚಿ ಅವಳ ಕಾಲಿಗೆ ಸುತ್ತಿದ. ಏರು ಕಡಿದಾಗಿತ್ತು. ಅವನು ಕೋಲು ಊರಿ ಊರಿ ಎಳೆದ, ನಾನು ಹಿಂದಿನಿಂದ ತಳ್ಳಿದೆ. ಅರ್ಧ ಏರುವಷ್ಟರಲ್ಲಿ ಓಸ್ನೆಗೆ ಬಸ್ಸು ಓಡಿಸುತ್ತಿದ್ದಾಗಿನ ಗತ್ತು ಬಂತು. "ಎಡಕ್ಕೆ ತಿರುಗ್ಸು! ಮುಂದೆ ಬಂಡೆ ಇದೆ! ಹಿಂದಿನ ಸೀಟಿನವರು ಗಲಾಟೆ ಮಾಡ್ಬೇಡಿ!" ನನಗೆ ನಗು ಬಂದು ತಳ್ಳಲಾಗದೆ ಹಿಮದಲ್ಲಿ ಕೂತುಬಿಟ್ಟೆ. ಬಂಡಿ ಹಿಂದಕ್ಕೆ ಜಾರಿ ನನ್ನ ಮೇಲೆಯೇ ಬಂತು.

ಮತ್ತೆ ಎದ್ದು ಹೊರಟ ಮೇಲೆ ಅವಳು ಕೂಗುವುದನ್ನು ನಿಲ್ಲಿಸಿದಳು. ತುದಿ ಹತ್ತಿರವಾದಾಗ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ಸ್ವೇನುಂಗ್, ನಿನ್ನ ಬೆನ್ನು ಇಷ್ಟು ಬಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ."

"ಏರು ಇದೆಯಲ್ಲ, ಅದಕ್ಕೆ" ಅಂದ ಅವನು, ತಿರುಗದೆ.

ಆ ಸಂಜೆ ಅವಳ ಹಿಮ್ಮಡಿಯನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಿಸಿದೆವು. ಬೆಳಗ್ಗೆ ಕೆಂಪು ಮಸುಕಾಗಿತ್ತು. ಅದರ ಮರುದಿನ ಹುಡುಕಿದರೂ ಕಾಣಲಿಲ್ಲ. ಸ್ವೇನುಂಗ್ ಬೂಟಿನ ಒಳಪದರವನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ಆ ಜಾಗಕ್ಕೆ ಮೆತ್ತನೆಯ ಚರ್ಮ ಅಂಟಿಸಿದ. ಅಂಟಿಸಿದ ಮೇಲೆ ತನ್ನ ತುಟಿಗೆ ಒತ್ತಿ ನೋಡಿದ.

ರಜೆ ಮುಗಿಯುವ ಹಿಂದಿನ ದಿನ ಗಾಳಿಯೇ ಇರಲಿಲ್ಲ. ಮನೆಯ ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ನಾವು ಮೂವರೂ ಬಿಸಿಲಿಗೆ ಕೂತಿದ್ದೆವು. ಸ್ವೇನುಂಗ್ ಕಿತ್ತಳೆ ಸುಲಿದು, ತೊಳೆಯ ಮೇಲಿನ ಬಿಳಿಯ ನಾರನ್ನೆಲ್ಲ ಬಿಡಿಸಿ, ಒಂದೊಂದಾಗಿ ಓಸ್ನೆಯ ಕೈಗಿಡುತ್ತಿದ್ದ. ಎಲ್ಲಿಂದಲೋ ಒಂದು ಬೆಳ್ಳನೆಯ ಹಿಮಕೋಳಿ ಬಂತು. ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ, ಸಿಪ್ಪೆ ಬಿದ್ದಿದ್ದ ಕಡೆಗೆ ಅಳೆದು ಅಳೆದು ನಡೆದು ಬಂತು. ಅದರ ಕಾಲು ಪೂರ್ತಿ ಗರಿ, ಬೆರಳ ತುದಿಯವರೆಗೂ.

"ನೋಡೇ" ಅಂತ ಪಿಸುಗುಟ್ಟಿದಳು ಓಸ್ನೆ. "ಅದಕ್ಕೆ ಯಾರು ಹೆಣೆದುಕೊಟ್ರೋ."

"ನಾನಂತೂ ಅಲ್ಲ" ಅಂದೆ.

ಅವಳು ಗಂಡನ ಹೆಗಲಿಗೆ ಒರಗಿದಳು. ಅವನು ಕೈಯಲ್ಲಿದ್ದ ಅರ್ಧ ಕಿತ್ತಳೆಯನ್ನು ಹಾಗೇ ಹಿಡಿದುಕೊಂಡ. ಒಳಗೆ ಒಲೆಯ ಮೇಲೆ ಕಾಫಿ ಉಕ್ಕಿ ಚುರ್ ಎಂದ ಸದ್ದು ಕೇಳಿಸಿತು. ಹಕ್ಕಿ ಹೆದರೀತು ಅಂತ ಮೂವರಲ್ಲಿ ಒಬ್ಬರೂ ಏಳಲಿಲ್ಲ.